ಆಟಕ್ಕೂ ವಯಸ್ಸಾಗುತ್ತದೆ

ಮಕ್ಕಳೇ, ನಿಮ್ಮ ಅಜ್ಜಿ ಚಿಕ್ಕಂದಿನಲ್ಲಿ ಆಡಿದ ಚೌಕಾಬಾರವನ್ನು ನೀವು ಇವತ್ತೂ ಆಡಬಹುದು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದು ನಾಲ್ಕು ಕವಡೆ ಉರುಳಿಸಿದರೆ ಸಾಕು, ಆಟ ಶುರು. ನಿಮ್ಮ ಅಪ್ಪನೋ ಚಿಕ್ಕಮ್ಮನೋ ಹುಡುಗಾಟದ ವಯಸ್ಸಿನಲ್ಲಿ ಟಿವಿಗೆ ಜೋಡಿಸಿ ಆಡಿದ ವಿಡಿಯೋ ಗೇಮ್ ಹಾಗಲ್ಲ. ಅದಕ್ಕೆ ಆ ಕಾಲದ ಡಬ್ಬಿ ಬೇಕು, ಕ್ಯಾಸೆಟ್ ಬೇಕು, ಹೊಂದುವ ಟಿವಿ ಬೇಕು. ಮೂರರಲ್ಲಿ ಒಂದು ಕೆಟ್ಟರೂ ಆಟ ನಿಂತುಹೋಗುತ್ತದೆ. ಹಳೆಯ ವಿಡಿಯೋ ಗೇಮ್‌ಗಳನ್ನು ಉಳಿಸುವುದು ಇವತ್ತು ಒಂದು ವಿಜ್ಞಾನವೇ ಆಗಿರುವುದು ಇದೇ ಕಾರಣಕ್ಕೆ.

ಕಳೆದುಹೋಗಿ ಮತ್ತೆ ಸಿಕ್ಕಿದ ಒಂದು ಆಟದ ಕಥೆ ಹೇಳುತ್ತೇನೆ, ಕೇಳಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬ್ರೂಕ್‌ಹೇವನ್ ಎಂಬ ದೊಡ್ಡ ಪ್ರಯೋಗಾಲಯವಿದೆ. 1958ರ ಅಕ್ಟೋಬರಿನಲ್ಲಿ ಅದನ್ನು ನೋಡಲು ಜನರಿಗೆ ಅವಕಾಶವಿತ್ತು. ಬಂದವರು ಸುಮ್ಮನೆ ಯಂತ್ರಗಳನ್ನು ನೋಡಿ ಬೇಸರಪಡಬಾರದೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಆಟ ಹೂಡಿದರು. ಐದೇ ಅಂಗುಲದ ದುಂಡು ಪರದೆ. ನಡುವೆ ಬಲೆಯಂತೆ ಒಂದು ಪುಟ್ಟ ಗೆರೆ. ಚೆಂಡಿನ ಬದಲು ಬೆಳಕಿನ ಒಂದು ಚುಕ್ಕಿ. ಗುಂಡಿ ತಿರುಗಿಸಿ ದಿಕ್ಕು ಹಿಡಿಯಬೇಕು, ಬಟನ್ ಒತ್ತಿ ಹೊಡೆಯಬೇಕು. ಮೇಲಕ್ಕೆಸೆದ ಕಲ್ಲು ಬಾಗಿ ಕೆಳಗಿಳಿಯುವ ಹಾಗೆ ಚುಕ್ಕಿಯೂ ಬಾಗಿ ಇಳಿಯುತ್ತಿತ್ತು, ನೆಲಕ್ಕೆ ತಾಗಿ ಪುಟಿಯುತ್ತಿತ್ತು. ಗುರುತ್ವದ ಲೆಕ್ಕವನ್ನು ಯಂತ್ರವೇ ಮಾಡುತ್ತಿತ್ತು. ಮರುವರ್ಷ ಚಂದ್ರನ ಮೇಲೆ, ಗುರು ಗ್ರಹದ ಮೇಲೆ ಆಡಿದರೆ ಚೆಂಡು ಹೇಗೆ ಹಾರೀತು ಎಂಬುದನ್ನೂ ತೋರಿಸಿದರು. ಜನ ಸಾಲುಗಟ್ಟಿ ನಿಂತರು.

ಆಮೇಲೆ ಆ ಆಟವನ್ನು ಬಿಚ್ಚಿಹಾಕಿದರು! ಅದರ ಭಾಗಗಳು ಬೇರೆ ಕೆಲಸಕ್ಕೆ ಬೇಕಿದ್ದವು. ಅದು ಮುಂದೆ ಚರಿತ್ರೆಯಾಗುತ್ತದೆಂದು ಆಗ ಯಾರಿಗೂ ಅನಿಸಲಿಲ್ಲ. ಅದೃಷ್ಟಕ್ಕೆ ಅದನ್ನು ಕಟ್ಟಿದ ನಕ್ಷೆಯ ಹಾಳೆಗಳು ಉಳಿದಿದ್ದವು. 1997ರಲ್ಲಿ, ಪ್ರಯೋಗಾಲಯಕ್ಕೆ ಐವತ್ತು ವರ್ಷ ತುಂಬಿದಾಗ, ಆ ಹಾಳೆ ನೋಡಿ ಹಳೆಯ ಬಿಡಿಭಾಗಗಳನ್ನು ಹುಡುಕಿ ಆಟವನ್ನು ಮತ್ತೆ ಕಟ್ಟಿದರು. ಒಂದು ಕಾಗದ ಇಡೀ ಆಟವನ್ನು ಕಾಪಾಡಿತು.

ಮುಂದೆ ಬಂದ ಆಟಗಳು ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಸೇರಿದವು. ಹಳೆಯ ಆಟದ ಯಂತ್ರಗಳ ಕೆಲವು ಚಿಪ್ಪುಗಳ ಬೆನ್ನ ಮೇಲೆ ಗಾಜಿನ ಒಂದು ಪುಟ್ಟ ಕಿಟಕಿ ಇರುತ್ತದೆ. ಅದರ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಯಾಕೆ ಗೊತ್ತೇ? ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಗೂಡುಗಳಿವೆ. ಗೂಡಿನಲ್ಲಿ ಎಲೆಕ್ಟ್ರಾನ್ ಎಂಬ ವಿದ್ಯುತ್ ಕಣಗಳು ತುಂಬಿದ್ದರೆ 0, ಖಾಲಿಯಿದ್ದರೆ 1. ಆಟವೆಂದರೆ ಈ 0 ಮತ್ತು 1ರ ಸಾಲು. ಕಿಟಕಿಯಿಂದ ಅತಿನೇರಳೆ ಕಿರಣ ಒಳಗೆ ಬಿದ್ದರೆ ಎಲೆಕ್ಟ್ರಾನ್‌ಗಳು ಗೂಡು ಬಿಟ್ಟು ಓಡುತ್ತವೆ, ಬರೆದದ್ದು ಅಳಿಸಿಹೋಗುತ್ತದೆ. ಬಿಸಿಲಿನಲ್ಲೂ ಈ ಕಿರಣವಿದೆ. ಆ ಚೀಟಿ ಚಿಪ್ಪಿಗೆ ಹಿಡಿದ ಕೊಡೆ! ಕೊಡೆ ಇದ್ದರೂ, ಹಲವು ದಶಕಗಳಲ್ಲಿ ಎಲೆಕ್ಟ್ರಾನ್‌ಗಳು ಒಂದೊಂದಾಗಿ ಸೋರುತ್ತವೆ. ಒಂದು 0 ಹೋಗಿ 1 ಆದರೂ ಆಟ ತಪ್ಪುಹೆಜ್ಜೆ ಇಡಬಹುದು.

ಹಾಗಾದರೆ ಮಾಡುವುದೇನು? ತಾಳೆಗರಿ ಪುಡಿಯಾಗುವ ಮೊದಲೇ ನಮ್ಮ ಹಿರಿಯರು ಹೊಸ ಗರಿಗೆ ನಕಲು ಮಾಡುತ್ತಿದ್ದರಲ್ಲ, ಇಲ್ಲೂ ಅದೇ ದಾರಿ. ಚಿಪ್ಪನ್ನು ಓದುವ ಯಂತ್ರಕ್ಕೆ ಸಿಕ್ಕಿಸಿ, ಪ್ರತಿ ಗೂಡಿನ ಅಂಕಿಯನ್ನೂ ಕಂಪ್ಯೂಟರಿಗೆ ಬರೆದುಕೊಳ್ಳುತ್ತಾರೆ. ನಕಲು ಸರಿಯಿದೆಯೇ ಎಂದು ತಿಳಿಯಲು ಎಲ್ಲ ಅಂಕಿಗಳಿಂದ ಒಂದು ಲೆಕ್ಕ ಹಾಕುತ್ತಾರೆ. ಅದೇ ಆಟದ ಇನ್ನೊಂದು ಚಿಪ್ಪಿನಿಂದಲೂ ಅದೇ ಉತ್ತರ ಬಂದರೆ ನಕಲನ್ನು ನಂಬಬಹುದು.

ಅಂಕಿ ಸಿಕ್ಕಿತು, ಆದರೆ ಅದನ್ನು ಓದಿ ಆಡಿಸುವ ಹಳೆಯ ಯಂತ್ರವೇ ಇಲ್ಲವಲ್ಲ! ಆಗ ಹೊಸ ಕಂಪ್ಯೂಟರಿಗೆ ಹಳೆಯ ಯಂತ್ರದ ವೇಷ ಹಾಕಿಸುತ್ತಾರೆ. ವೇಷ ಹಾಕಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರು ಮಾಡಿದ 'ಮೇಮ್' ಇಂಥದ್ದು. ಇವತ್ತು ಅದು ಸಾವಿರಾರು ಹಳೆಯ ಯಂತ್ರಗಳ ವೇಷ ತೊಡಬಲ್ಲದು.

ವೇಷ ಹಾಕಿದರಷ್ಟೇ ಸಾಲದು, ನಡಿಗೆಯೂ ಹಾಗೇ ಇರಬೇಕು. ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ 'ಸ್ಪೇಸ್ ಇನ್ವೇಡರ್ಸ್' ನೋಡಿ. ಇಡೀ ಆಟ ಕೇವಲ 8 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋದಲ್ಲಿ ಇಂಥ ನೂರಾರು ಆಟಗಳು ಹಿಡಿಸುತ್ತವೆ! ಇದರಲ್ಲಿ ಐದು ಸಾಲು, ಸಾಲಿಗೆ 11ರಂತೆ 55 ಅನ್ಯಗ್ರಹಜೀವಿಗಳು ಕೆಳಗಿಳಿದು ಬರುತ್ತವೆ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತಿತ್ತು. ಆಗಿನ ನಿಧಾನದ ಚಿಪ್ಪು ಪ್ರತಿ ಸಲ ಒಂದೇ ಜೀವಿಯನ್ನು ಸರಿಸುತ್ತಿತ್ತು. ಹಾಗಾಗಿ 55ರ ಸೇನೆ ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ನೀವು ಹೊಡೆದು ಹೊಡೆದು ಹತ್ತೇ ಉಳಿದರೆ ಸೆಕೆಂಡಿಗೆ ಆರು ಹೆಜ್ಜೆ. ಒಂದೇ ಉಳಿದರೆ ಅದು ದಡಬಡ ಓಡುತ್ತದೆ, ಆಡುವವರ ಎದೆಯೂ ಡವಡವ! ಇದು ಚಿಪ್ಪಿನ ನಿಧಾನದಿಂದ ತಾನಾಗಿ ಹುಟ್ಟಿದ ಸೊಗಸು. ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು. ಎಮ್ಯುಲೇಟರ್ ಅವಸರಪಟ್ಟು ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಈ ಸೊಗಸೇ ಮಾಯ. ಅದಕ್ಕೇ ಹಳೆಯ ಚಿಪ್ಪಿನ ನಿಧಾನವನ್ನೂ ಅಷ್ಟೇ ಜತನದಿಂದ ನಕಲು ಮಾಡಬೇಕು.

ಕೆಲಸ ಇನ್ನೂ ಬೆಟ್ಟದಷ್ಟಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಲೆಕ್ಕ ತೆಗೆಯಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಆಗ ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ರಾಚೆಸ್ಟರ್ ನಗರದ ಸ್ಟ್ರಾಂಗ್ ಮ್ಯೂಸಿಯಂನಂಥ ಕಡೆ ಯಂತ್ರಗಳ ಜೊತೆಗೆ ಆಟ ಕಟ್ಟಿದವರ ಟಿಪ್ಪಣಿ, ನಕ್ಷೆಗಳನ್ನೂ ಕಾಪಾಡುತ್ತಾರೆ. ಬ್ರೂಕ್‌ಹೇವನ್ನಿನ ಹಾಳೆಗಳು ಕಲಿಸಿದ ಪಾಠ ಇದೇ ಅಲ್ಲವೇ?

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೆಯ ವಿಡಿಯೋ ಗೇಮ್ ಇದ್ದೀತು. ಹಿರಿಯರನ್ನು ಕೇಳಿ ಕೆಳಗಿಳಿಸಿ. ಒಳಗೆ ಸೆಲ್ ಇದ್ದರೆ ಅವರಿಂದಲೇ ತೆಗೆಸಿ, ಸೋರಿದರೆ ಲೋಹವನ್ನು ತಿಂದುಹಾಕುತ್ತದೆ. ಕ್ಯಾಸೆಟ್ ಬಾಯಿಗೆ ಊದಬೇಡಿ, ಉಸಿರಿನ ತೇವಕ್ಕೆ ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿ. ಆಮೇಲೆ ಅದನ್ನು ಆಡಿದವರ ಪಕ್ಕ ಕೂತು, ಯಾವ ಆಟ, ಯಾರ ಜೊತೆ, ಎಷ್ಟು ಹೊತ್ತು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಹಾಳೆಯೂ ಮುಂದೊಂದು ದಿನ ಒಂದು ಆಟವನ್ನು ಕಾಪಾಡಬಹುದು.