ನಾಟಕರತ್ನ ಗುಬ್ಬಿ ವೀರಣ್ಣನವರ ಹಾಸ್ಯಕಾಯಕ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜನರನ್ನು ನಗಿಸುವುದನ್ನೇ ಜೀವನವನ್ನಾಗಿ ಮಾಡಿಕೊಂಡವನಿಗೆ ಸಮಾಜದಲ್ಲಿ ಯಾವ ಸ್ಥಾನವುಂಟು? ಹಿಂದೆ ಈ ಪ್ರಶ್ನೆಗೆ ದೊರೆಯುತ್ತಿದ್ದ ಉತ್ತರವು ಗೌರವದ್ದಾಗಿರಲಿಲ್ಲ. ರಾತ್ರಿ ನಾಟಕವನ್ನು ನೋಡಿ ನಕ್ಕವರೇ ಬೆಳಗಾದರೆ ನಟನಿಗೆ ಬಾಡಿಗೆಯ ಮನೆ ಕೊಡಲು ಹಿಂದೆಗೆಯುತ್ತಿದ್ದರು. ಅಂತಹ ಕಾಲದಲ್ಲಿ ಬಾಳಿದ ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ಮೇಲಣ ಪ್ರಶ್ನೆಗೆ ಉತ್ತರವು ಆ ಎರಡು ಮಾತುಗಳಲ್ಲಿಯೇ ಅಡಗಿರುವುದು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕಸಂಘವೊಂದು ಹುಟ್ಟಿತು. ಊರಿನ ಆರಾಧ್ಯನಾದ ಶ್ರೀ ಚನ್ನಬಸವೇಶ್ವರನ ಹೆಸರನ್ನು ಅದು ಹೊತ್ತಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಆ ಸಂಘವನ್ನು ಸೇರಿ, ಅಲ್ಲಿಯೇ ಬೆಳೆದು, 1917ರಲ್ಲಿ ಅದರ ಒಡೆತನದ ಭಾರವನ್ನೂ ವಹಿಸಿಕೊಂಡರು.

ಅವರ ಕೀರ್ತಿಗೆ ಮುಖ್ಯ ಕಾರಣವಾದುದು 'ಸದಾರಮೆ'ಯ ಕಳ್ಳನ ಪಾತ್ರ. ಬರೆದ ಮಾತಿಗೆ ಅಂಟಿಕೊಳ್ಳದೆ, ಎದುರಿಗಿರುವ ಸಭೆಯ ಮನವನ್ನರಿತು, ಆ ಕ್ಷಣದಲ್ಲಿಯೇ ಮಾತನ್ನು ಹುಟ್ಟಿಸುವುದು ಅವರ ರೀತಿ. ಆದುದರಿಂದ ಕಥೆಯನ್ನು ಬಲ್ಲವರೂ ಮರಳಿ ಮರಳಿ ಬರುತ್ತಿದ್ದರು.

ಆಶುಹಾಸ್ಯವೆಂದರೆ ಬಾಯಿಗೆ ಬಂದುದನ್ನಾಡುವುದೆಂದು ಕೆಲವರು ತಿಳಿಯುವರು. ಅದು ಹಾಗಲ್ಲ. ಜೊತೆಯ ನಟನು ಆಡಿದ ಮಾತನ್ನು ಮೊದಲು ಕಿವಿಗೊಟ್ಟು ಕೇಳಬೇಕು. ಅದನ್ನು ತಳ್ಳಿಹಾಕದೆ ಅದರಿಂದಲೇ ತನ್ನ ಉತ್ತರವನ್ನು ಕಟ್ಟಬೇಕು. ಎಷ್ಟು ದೂರ ಅಲೆದರೂ ಮುಂದಿನ ಹಾಡಿಗೆ ಎತ್ತುಗಡೆಯಾಗುವ ಮಾತಿಗೆ ಹಿಂದಿರುಗಬೇಕು; ಇಲ್ಲವಾದರೆ ಹಾರ್ಮೋನಿಯಂ ನುಡಿಸುವವನು ಕಾದು ಕುಳಿತಿರುವನು, ಕಥೆಯೂ ನಿಂತುಹೋಗುವುದು. ನಗೆ ಎದ್ದಿತೆಂದು ಹಿಗ್ಗಿ ಮೇರೆಮೀರಿದರೆ ಮಾತು ಅಶ್ಲೀಲಕ್ಕೆ ಜಾರುವುದು. ಕ್ಷಣದಲ್ಲಿ ಹುಟ್ಟುವ ಆ ಮಾತಿನ ಹಿಂದೆ ವರ್ಷಗಳ ನಿಯಮವೂ, ತನ್ನನ್ನು ತಾನು ಹಿಡಿದುಕೊಳ್ಳುವ ಸಂಯಮವೂ ಇರುವುದು.

ಅಲ್ಲದೆ ಈ ನಗೆಯ ಮೇಲೆ ಅನೇಕ ಕುಟುಂಬಗಳ ಅನ್ನವು ನಿಂತಿದ್ದಿತು. ನಟರು, ವಾದ್ಯಗಾರರು, ಪರದೆ ಬರೆಯುವವರು, ಅಡಿಗೆಯವರು, ಎಲ್ಲರೂ ಊರಿಂದೂರಿಗೆ ಕಂಪನಿಯೊಡನೆ ನಡೆದರು. ಮನಸ್ಸಿಗೆ ಬೇಸರವೆಂದು ಹಾಸ್ಯಗಾರನು ಒಂದು ದಿನ ಕುಳಿತರೆ ಅವರ ಒಲೆಗಳು ಉರಿಯುವುದು ಹೇಗೆ? ತಾನು ನಗುವ ಸ್ಥಿತಿಯಲ್ಲಿಲ್ಲದಾಗಲೂ ನಗಿಸಿ ಹತ್ತು ಜನರನ್ನುಣಿಸುವುದು ಕಾಯಕವೂ ಹೌದು, ದಾಸೋಹವೂ ಹೌದು.

ಗಳಿಸಿದುದನ್ನು ಅವರು ಕಲೆಗೇ ಸುರಿದರು. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಬಿ. ಜಯಮ್ಮನವರಂತಹ ನಟಿಯರಿಗೆ ರಂಗದಲ್ಲಿ ಗೌರವದ ಸ್ಥಾನವನ್ನಿತ್ತರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಮೊದಲಾದವರು ಆ ಕಂಪನಿಯ ನೆರಳಿನಲ್ಲಿ ಕಲಿತವರು. ಶಿವಭಕ್ತನ ಕಥೆಯಾದ 'ಬೇಡರ ಕಣ್ಣಪ್ಪ'ವು 1954ರಲ್ಲಿ ಚಿತ್ರವಾಗಿ ಬಂದುದರಲ್ಲಿಯೂ ಅವರ ಸಂಸ್ಥೆಯ ಕೈಯಿದ್ದಿತು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಅದೇ ವರ್ಷ ಅವರು ಲಿಂಗೈಕ್ಯರಾದರು. ಒಂದು ಕಾಲದಲ್ಲಿ ನಟನಿಗೆ ಮನೆ ಕೊಡಲೊಲ್ಲದ ನಾಡಿನಲ್ಲಿಯೇ ಅವರ ಹೆಸರಿನ ರಂಗಮಂದಿರಗಳು ನಿಂತಿವೆ.

ಮಹಾಶಯರೇ, ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಬಾಯಲ್ಲಿ ಹೇಳುವುದು ಸುಲಭ. ನಗಿಸುವವನನ್ನು ನಕ್ಕು ಮರೆಯದೆ, ದುಡಿಯುವ ಬಂಧುವೆಂದು ಮನೆಯ ಜಗುಲಿಯಲ್ಲಿ ಕುಳ್ಳಿರಿಸಿಕೊಂಡಾಗಲೇ ಆ ಮಾತು ನಿಜವಾಗುವುದು.

ಸರ್ವರಿಗೂ ಮಂಗಳವಾಗಲಿ.