ಬಸವಣ್ಣನವರ ದಾಸೋಹದಲ್ಲಿ ಮೆಣಸಿನಕಾಯಿ ಇತ್ತೆ?



ಕಳೆದ ಶ್ರಾವಣದಲ್ಲಿ ಮಠದ ಶಾಲೆಯ ಬಾಲಕಿಯೊಬ್ಬಳು ನಮ್ಮನ್ನು ಕೇಳಿದಳು: "ಅಜ್ಜಾರ, ಬಸವಣ್ಣನವರು ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ಉಣತಿದ್ರೇನ್ರಿ?" ಸುತ್ತಲಿನವರು ನಕ್ಕರು. ನಮಗೆ ನಗು ಬರಲಿಲ್ಲ.

ಕಾರಣವಿಷ್ಟು. ಅದಕ್ಕೆ ಕೆಲವು ತಿಂಗಳ ಹಿಂದೆ ಹಿರಿಯ ಭಕ್ತರೊಬ್ಬರು, ಟೊಮ್ಯಾಟೊ ಬಟಾಟಿಗಳು ಪರದೇಶದವು, ಶರಣರು ಕಂಡವಲ್ಲ, ದಾಸೋಹಕ್ಕೆ ಸಲ್ಲವೆಂದು ಪಂಕ್ತಿಯಿಂದ ಎದ್ದುಹೋಗಿದ್ದರು. ನಾವೂ ವಿಚಾರಿಸದೆ ಅವು ಬೇಡವೆಂದು ಅಪ್ಪಣೆ ಕೊಟ್ಟೆವು. ಮರುದಿನ ಬಡ ತಾಯಿಯೊಬ್ಬಳು ತನ್ನ ಹೊಲದ ಟೊಮ್ಯಾಟೊ ಬುಟ್ಟಿ ಹೊತ್ತು ತಂದವಳು ಹಾಗೆಯೇ ಹೊತ್ತು ತಿರುಗಿದಳು.

ಮಗುವಿನ ಮಾತಿನಿಂದ ಗ್ರಂಥ ಬಿಚ್ಚಿದೆವು. ಸಂಸ್ಕೃತದಲ್ಲಿ ಮರೀಚವೆಂದರೆ ಕರಿಮೆಣಸು. ಶುಂಠಿ, ಹಿಪ್ಪಲಿ, ಮೆಣಸು, ಈ ಮೂರು ಸೇರಿ ತ್ರಿಕಟು. ಹಿಂದಿನವರ ಖಾರವೆಲ್ಲ ಬಹುಮಟ್ಟಿಗೆ ಇವುಗಳದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವೇ ಉಂಟು. ಉದ್ದಿನ ಇಡ್ಡರಿಕೆಗೆ ಅಲ್ಲಿ ಇಂಗು, ಜೀರಿಗೆ, ಮೆಣಸು. ಅರಸನ ಅಡಿಗೆಮನೆಯಲ್ಲಿಯೇ ಮೆಣಸಿನಕಾಯಿಯ ಸುಳಿವಿಲ್ಲ! ಇರುವುದಾದರೂ ಎಂತು? ಆ ಗಿಡದ ತವರು ಅಮೇರಿಕಾ ಖಂಡ. 1492ರಲ್ಲಿ ಕೊಲಂಬಸನು ಅತ್ತ ಹೋದ ಮೇಲೆಯೇ ಅದು ಹೊರಗೆ ಬಂದುದು. 1498ರಲ್ಲಿ ಕಲ್ಲಿಕೋಟೆ ಮುಟ್ಟಿದ ಪೋರ್ತುಗೀಜರ ಮೂಲಕ ಆಮೇಲೆ ನಮ್ಮ ಕರಾವಳಿಗೆ ಇಳಿಯಿತು. ಮೆಣಸಿನಂತೆ ಖಾರವಾದ ಕಾಯಿ, ಆದುದರಿಂದ ಮೆಣಸಿನಕಾಯಿ. ಹೆಸರು ನಮ್ಮದು, ಬೀಜ ಅವರದು. ಶೇಂಗಾ, ಗೋವಿನಜೋಳ, ಪೇರಲ, ಪಪ್ಪಾಯಿಗಳೂ ಆ ಖಂಡದವೇ. ಬಸವಣ್ಣನವರು ಹನ್ನೆರಡನೆಯ ಶತಮಾನದವರು. ಮಾದಾರ ಚೆನ್ನಯ್ಯನವರ ಅಂಬಲಿಯನ್ನು ಶಿವನು ಸವಿದ ಕಥೆ ನಿಮಗೆ ಗೊತ್ತು; ಆ ಅಂಬಲಿಯ ಜೊತೆಗೆ ಹಸಿಮೆಣಸಿನಕಾಯಿಯನ್ನು ನಾವು ಮನಸ್ಸಿನಲ್ಲಿ ಸುಮ್ಮನೆ ಇಟ್ಟುಕೊಂಡಿದ್ದೆವು, ಅಷ್ಟೆ.

ಇದನ್ನು ಆ ಹಿರಿಯರಿಗೆ ತಿಳಿಸಿದೆವು. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಶೇಂಗಾ ಹಿಂಡಿನೂ ಬಿಡಬೇಕೇನ್ರಿ ಬುದ್ಧೀ?" ಎಂದರು. ಬಿಡುವುದಾದರೆ ಎಲ್ಲವನ್ನೂ ಬಿಡಬೇಕಾಗುತ್ತದೆ ಎಂದೆವು. ಅವರು ಬಿಟ್ಟಿಲ್ಲ. ಈಗ ಪಂಕ್ತಿಗೂ ಬರುತ್ತಾರೆ.

ತಪ್ಪು ಅವರದಕ್ಕಿಂತ ನಮ್ಮದು ದೊಡ್ಡದು. ಆ ತಾಯಿಯ ಮನೆಗೆ ನಾವೇ ಹೋದೆವು. ಅವಳು ನೀರು ಕೊಟ್ಟಳು, ಮಾತು ಹೆಚ್ಚು ಆಡಲಿಲ್ಲ. ಈ ಅಮಾವಾಸ್ಯೆಗೆ ಬುಟ್ಟಿ ತರುವೆನೆಂದಿದ್ದಾಳೆ. ಬಂದರೆ ಅಂದಿನ ಸಾರು ಅವಳ ಹೊಲದ್ದು.