ಬಾತುಗಳನ್ನು ಸುಮ್ಮನೆ ನೋಡುವುದು

(ಬಳಗದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಜಲಮೂಲಗಳು ಮತ್ತು ಜೀವವೈವಿಧ್ಯ’ ಎಂದು ಅಚ್ಚಾಗಿದೆ. ಅಷ್ಟು ಘನವಾದ ವಿಷಯದಲ್ಲಿ ಒಂದು ಚಿಕ್ಕ ತುಣುಕನ್ನಷ್ಟೇ ಆರಿಸಿಕೊಂಡು, ಬಾತುಗಳನ್ನು ನೋಡುವುದರಿಂದ ಒದಗುವ ಸಂತೋಷದ ಬಗ್ಗೆ ಮಾತನಾಡಲು ನಿಮ್ಮ ಅನುಮತಿ ಕೋರುತ್ತೇನೆ. ಬೆಳಗಿನಿಂದ ನಾವು ಗಣಿಗಾರಿಕೆ, ಭೂಕುಸಿತ, ನದಿತಿರುವು, ಅರಣ್ಯ ಕಾಯಿದೆಗಳ ಕುರಿತು ಕೇಳಿದ್ದೇವೆ. ಎಲ್ಲವೂ ಕೇಳಲೇಬೇಕಾದ ಮಾತುಗಳು. ಆದರೆ ಮನವಿ, ಧರಣಿ, ತಕರಾರು ಅರ್ಜಿಗಳ ನಡುವೆ ವರ್ಷಗಳನ್ನು ಕಳೆದವರಿಗೆ, ಇಷ್ಟೆಲ್ಲ ಮಾಡುತ್ತಿರುವುದು ಯಾವುದರ ಸಲುವಾಗಿ ಎಂಬುದೇ ಕೆಲವೊಮ್ಮೆ ಮಸುಕಾಗಿಬಿಡುತ್ತದೆ. ನಮ್ಮಲ್ಲಿ ಕೆರೆಯ ವಿಸ್ತೀರ್ಣವನ್ನು ಎಕರೆ ಗುಂಟೆಗಳ ಲೆಕ್ಕದಲ್ಲಿ ಬಾಯಿಪಾಠ ಹೇಳಬಲ್ಲವರಿದ್ದಾರೆ. ಅದೇ ಕೆರೆಯ ದಂಡೆಯಲ್ಲಿ ಒಂದು ಗಂಟೆ ಸುಮ್ಮನೆ ಕುಳಿತವರು ಎಷ್ಟು ಮಂದಿ?

ನಿಜ ಹೇಳಬೇಕೆಂದರೆ ದಟ್ಟ ಮಲೆನಾಡು ಬಾತುಗಳ ನಾಡಲ್ಲ. ಇಳಿಜಾರಿನಲ್ಲಿ ರಭಸದಿಂದ ಧುಮುಕುವ ಹಳ್ಳಗಳಲ್ಲಿ, ಬಿಸಿಲೇ ತಾಗದ ಕಾಡಿನ ನೀರಿನಲ್ಲಿ ಅವಕ್ಕೆ ಮೇವಿಲ್ಲ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಇಳಿಯುತ್ತ, ಬನವಾಸಿ, ಸೊರಬ, ಮುಂಡಗೋಡಿನ ಕಡೆಗೆ ಸಾಗಿದಂತೆ ಗುಡ್ಡಗಳು ತಗ್ಗಿ ಗದ್ದೆಬಯಲು ಅಗಲವಾಗುತ್ತದೆ, ಕೆರೆಗಳು ಹೆಚ್ಚುತ್ತವೆ. ಗುಡವಿ ಮತ್ತು ಅತ್ತಿವೇರಿ ಪಕ್ಷಿಧಾಮಗಳ ಹೆಸರನ್ನು ನೀವೆಲ್ಲ ಬಲ್ಲಿರಿ. ಆದರೆ ಬಾತು ನೋಡಲು ಪಕ್ಷಿಧಾಮಕ್ಕೇ ಹೋಗಬೇಕೆಂದಿಲ್ಲ. ಜೊಂಡು ಬೆಳೆದ, ನೈದಿಲೆ ಹರಡಿದ, ಯಾರೂ ಅಷ್ಟಾಗಿ ಲಕ್ಷ್ಯಕೊಡದ ಊರಕೆರೆಯೊಂದು ಸಾಕು.

ಹೊಸಬರು ಮೊದಲು ಬಾತೆಂದು ತಿಳಿಯುವುದು ಬಹುಶಃ ಬಾತಲ್ಲದ ಹಕ್ಕಿಗಳನ್ನು. ಕಂಡ ಕ್ಷಣದಲ್ಲೇ ಮುಳುಗಿ ಇನ್ನೆಲ್ಲೋ ಏಳುವ ಪುಟ್ಟ ಹಕ್ಕಿ ಗುಳುಮುಳುಕ. ಹಣೆಯ ಮೇಲೆ ಬಿಳಿಯ ನಾಮವಿರುವ ಕಪ್ಪು ಹಕ್ಕಿ ನಾಮದ ಕೋಳಿ. ಎರಡೂ ಬೇರೆ ಕುಲದವು. ಇವನ್ನು ಬದಿಗಿಟ್ಟ ಮೇಲೆ ಉಳಿಯುವ ನಮ್ಮ ನೆಲದ ಬಾತುಗಳಲ್ಲಿ ಮೊದಲು ಪರಿಚಯವಾಗಬೇಕಾದದ್ದು ಸಿಳ್ಳೆ ಬಾತು. ಕಂದುಬಣ್ಣದ, ಆಡಂಬರವಿಲ್ಲದ ಹಕ್ಕಿ. ಹಗಲೆಲ್ಲ ಗುಂಪಾಗಿ ಕೆರೆಯ ಮರೆಯಲ್ಲಿ ತೂಕಡಿಸಿ, ಕತ್ತಲು ಕವಿಯುತ್ತಿದ್ದಂತೆ ಗದ್ದೆಗಳಿಗೆ ಮೇಯಲು ಹೊರಡುತ್ತದೆ. ಸಂಜೆ ಗದ್ದೆಯ ಹಾಳಿಯ ಮೇಲೆ ನಿಂತಾಗ ತಲೆಯ ಮೇಲಿನಿಂದ ತೆಳುವಾದ ಸಿಳ್ಳೆಗಳ ಸಾಲೊಂದು ಹಾದುಹೋದರೆ ಅದು ಇವರ ಮೆರವಣಿಗೆ. ಈ ಹಕ್ಕಿಯ ವೈಜ್ಞಾನಿಕ ಕುಲನಾಮ ಡೆಂಡ್ರೊಸಿಗ್ನಾ. ‘ಮರದ ಹಂಸ’ ಎಂದು ಅದರ ಅರ್ಥ. ಬಾತು ಮರವೇರುವುದುಂಟೇ ಎಂದು ನಗಬೇಡಿ. ಇದು ಕೊಂಬೆಯ ಮೇಲೆ ಕೂರುತ್ತದೆ, ಹಳೆಯ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ, ಕೆಲವೊಮ್ಮೆ ಕಾಗೆ ಬಿಟ್ಟುಹೋದ ಗೂಡನ್ನೂ ಬಳಸಿಕೊಳ್ಳುತ್ತದೆ.

ನಮ್ಮ ಬಾತುಗಳಲ್ಲೆಲ್ಲ ಚಿಕ್ಕದಾದ, ಬಿಳಿಮೈಯ ಕಿರುಬಾತು ಕೂಡ ಪೊಟರೆವಾಸಿಯೇ. ಅದರ ಮರಿಗಳು ಹುಟ್ಟಿದ ಒಂದೆರಡು ದಿನಗಳಲ್ಲೇ, ಕೆಳಗಿನಿಂದ ತಾಯಿ ಕರೆದೊಡನೆ, ರೆಕ್ಕೆ ಮೂಡುವ ಮುನ್ನವೇ ಅಷ್ಟೆತ್ತರದಿಂದ ಧುಮುಕುತ್ತವೆ. ಹತ್ತಿಯ ಉಂಡೆಗಳಂತೆ ಹಗುರವಾದ್ದರಿಂದ ಪೆಟ್ಟಾಗುವುದಿಲ್ಲ. ಹೀಗಾಗಿ ಕೆರೆದಂಡೆಯ ಅರೆಸತ್ತ ಮತ್ತಿಯ ಮರವೊಂದನ್ನು ‘ಒಣಮರ’ ಎಂದು ಹರಾಜಿಗೆ ಹಾಕುವಾಗ ಅದು ಯಾರ ಹೆರಿಗೆಮನೆ ಎಂದು ಒಮ್ಮೆ ವಿಚಾರಿಸಬೇಕು.

ಮೂರನೆಯದು ಚುಕ್ಕೆ ಕೊಕ್ಕಿನ ಬಾತು. ಕರಿಯ ಕೊಕ್ಕಿನ ತುದಿಗೆ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ನೋಡುವ ಸುಖಕ್ಕೆ ಇದರಷ್ಟು ಅನುಕೂಲವಾದ ಹಕ್ಕಿ ಇನ್ನೊಂದಿಲ್ಲ. ದೊಡ್ಡದು, ನಿಧಾನಿ, ಜೋಡಿಯಾಗಿ ಓಡಾಡುವಂಥದು. ‘ಕ್ವ್ಯಾಕ್ ಕ್ವ್ಯಾಕ್’ ಎಂದು ಊರಿಗೆಲ್ಲ ಕೇಳುವಂತೆ ಕೂಗುವುದು ಹೆಣ್ಣು, ಗಂಡಿನದು ಮೆಲುದನಿ. ಮೇಯುವಾಗ ಇದು ಪೂರ್ತಿ ಮುಳುಗುವುದಿಲ್ಲ. ತಲೆಯನ್ನು ನೀರಿಗಿಳಿಸಿ, ಬಾಲವನ್ನು ಆಕಾಶಕ್ಕೆ ಎತ್ತಿ, ಕಾಲುಗಳನ್ನು ಆಡಿಸುತ್ತ ಲಂಬವಾಗಿ ನಿಲ್ಲುತ್ತದೆ. ಗಂಭೀರವಾಗಿ ತೇಲುತ್ತಿದ್ದ ನಾಲ್ಕು ಹಕ್ಕಿಗಳು ಇದ್ದಕ್ಕಿದ್ದಂತೆ ನಾಲ್ಕು ಬಾಲಗಳಾಗುವುದನ್ನು ಕಂಡು ನಗದ ಮಗುವನ್ನು ನಾನು ನೋಡಿಲ್ಲ. ಈ ಭಂಗಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇದರ ಮಾತು ಮುಂದೆ ಬರಲಿದೆ.

ಕಾರ್ತೀಕ ಕಳೆಯುವ ಹೊತ್ತಿಗೆ ವಲಸಿಗರು ಸೇರಿಕೊಳ್ಳುತ್ತಾರೆ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು, ಎಲ್ಲವೂ ಉತ್ತರದ ಶೀತಪ್ರದೇಶಗಳಿಂದ ಹಿಮಾಲಯದಾಚೆಯ ದಾರಿ ಸವೆಸಿ ಬಂದವು. ಬಿಳಿಹುಬ್ಬಿನ ಬಾತನ್ನು ನವೆಂಬರಿನಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ: ಆಗ ಅದಕ್ಕೆ ಹೆಸರಿಗೆ ತಕ್ಕ ಬಿಳಿಹುಬ್ಬು ಇರುವುದಿಲ್ಲ. ಸಂತಾನಕಾಲ ಮುಗಿದೊಡನೆ ಗಂಡುಬಾತುಗಳು ಗರಿ ಉದುರಿಸಿಕೊಂಡು, ಕೆಲವು ವಾರ ಹಾರಲಾಗದ ಸ್ಥಿತಿಯಲ್ಲಿದ್ದು, ಹೆಣ್ಣಿನಂತಹುದೇ ಮಾಸಲು ಉಡುಗೆ ತೊಡುತ್ತವೆ. ನಮ್ಮಲ್ಲಿಗೆ ಬರುವುದು ಆ ಮಾಸಲು ಉಡುಗೆಯಲ್ಲೇ. ಡಿಸೆಂಬರು, ಜನವರಿಗಳಲ್ಲಿ ವಾರದಿಂದ ವಾರಕ್ಕೆ ನೋಡುತ್ತ ಬಂದರೆ ಕಣ್ಣಿನ ಮೇಲಿನ ಬಿಳಿಯ ಕಮಾನು ನಿಧಾನವಾಗಿ ಮೂಡುವುದು ಕಾಣುತ್ತದೆ. ಹೊಸ ಬಟ್ಟೆ ಪೂರ್ತಿಯಾಗಿ ಕೆಲವೇ ದಿನಗಳಲ್ಲಿ ಹಕ್ಕಿ ಹೊರಟುಹೋಗುತ್ತದೆ. ಒಮ್ಮೆ ಹೋಗಿ ಚಿತ್ರ ತೆಗೆದು ಬರುವವರಿಗೆ ದಕ್ಕದ ಸಂಗತಿ ಇದು. ಅದೇ ಕೆರೆಗೆ ಮತ್ತೆ ಮತ್ತೆ ಹೋಗುವವರ ಪಾಲಿನದು.

ನಮ್ಮ ಹಳಗನ್ನಡ ಕವಿಗಳಿಗೆ ಬಹು ಪ್ರಿಯವಾದ ಜಕ್ಕವಕ್ಕಿ, ರಾತ್ರಿಯಾದೊಡನೆ ಅಗಲುವ ಜೋಡಿ ಎಂದು ಹೆಸರಾದ ಆ ಚಕ್ರವಾಕ, ಇಂಥದೇ ಒಂದು ವಲಸೆ ಬಾತು. ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ಬಯಲುನಾಡಿಗೆ ಇಳಿಯುತ್ತದೆ. ಹಂಸದ ಕವಿಸಮಯವನ್ನೂ ಇಲ್ಲೇ ನೆನೆಯಬಹುದು. ಹಾಲನ್ನು ನೀರಿನಿಂದ ಬೇರ್ಪಡಿಸುವ ಹಕ್ಕಿಯನ್ನು ನಾನು ಕಂಡಿಲ್ಲ. ಆದರೆ ಸಲಿಕೆ ಕೊಕ್ಕಿನ ಬಾತಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಸಣ್ಣ ಎಳೆಗಳ ಸಾಲಿದೆ. ನೀರನ್ನು ಒಂದು ಕಡೆಯಿಂದ ಒಳಗೆಳೆದು ಹೊರಚೆಲ್ಲುವಾಗ ಸೂಕ್ಷ್ಮಜೀವಿಗಳೂ ಬೀಜಗಳೂ ಆ ಜರಡಿಯಲ್ಲಿ ನಿಲ್ಲುತ್ತವೆ. ಹತ್ತಾರು ಹಕ್ಕಿಗಳು ಒಂದರ ಹಿಂದೊಂದು ಗಾಣದ ಎತ್ತಿನಂತೆ ಸುತ್ತುತ್ತ, ತಳದ ಆಹಾರವನ್ನು ಕದಡಿ ಮೇಲೆಬ್ಬಿಸುವುದೂ ಉಂಟು. ಹಂಸಕ್ಷೀರ ನ್ಯಾಯದ ಮೂಲ ಇದೇ ಎನ್ನಲಾರೆ. ಹಾಗೆಂದುಕೊಂಡು ಅರ್ಧ ಗಂಟೆ ನೋಡುತ್ತ ಕೂರುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ನಿದ್ರಿಸುವ ಬಾತುಗಳೂ ನೋಡತಕ್ಕವೇ. ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ಸಾಲಾಗಿ ಮಲಗಿದ ಗುಂಪನ್ನು ದುರ್ಬೀನಿನಲ್ಲಿ ಗಮನಿಸಿ. ಅಂಚಿನಲ್ಲಿರುವ ಹಕ್ಕಿ ಹೊರಗಿನ ಕಡೆಯ ಒಂದು ಕಣ್ಣನ್ನು ತೆರೆದೇ ಮಲಗುತ್ತದೆ. ಮಿದುಳಿನ ಅರ್ಧ ಭಾಗ ನಿದ್ರಿಸುತ್ತಿದ್ದರೆ ಇನ್ನರ್ಧ ಕಾವಲಿರುತ್ತದೆ ಎಂಬುದನ್ನು ಹಸಿರುತಲೆಯ ಬಾತುಗಳ ಮೇಲೆ ನಡೆಸಿದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ನಡುವೆ ಮಲಗಿದವು ಹೆಚ್ಚು ನೆಮ್ಮದಿಯಿಂದ ಎರಡೂ ಕಣ್ಣು ಮುಚ್ಚುತ್ತವೆ. ನಮ್ಮ ಬಳಗದ ರಾತ್ರಿ ಸಭೆಗಳಲ್ಲೂ ಈ ವಿದ್ಯೆ ಸಾಧಿಸಿದವರಿದ್ದಾರೆ.

‘ಹೀಗೆ ನೋಡುವುದರಿಂದ ಪ್ರಯೋಜನವೇನು?’ ಎಂದು ಕೇಳುವವರಿಗೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ. ರಾಜಸ್ಥಾನದ ಭರತಪುರದ ಜೌಗಿನಲ್ಲಿ, 1938ರ ನವೆಂಬರಿನ ಒಂದೇ ದಿನ, ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಲಾಯಿತು. ಅದನ್ನು ಕಲ್ಲಿನ ಫಲಕದಲ್ಲಿ ಕೊರೆದು ನಿಲ್ಲಿಸಿದ್ದಾರೆ. ಅದೇ ಜೌಗು 1985ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಇಂದು ಅಲ್ಲಿಗೆ ಜನ ಬರುವುದು ಹಕ್ಕಿ ನೋಡಲು. 1987ರಿಂದ ಏಷ್ಯಾದ ಹಲವು ದೇಶಗಳಲ್ಲಿ ಪ್ರತಿ ಜನವರಿಯಲ್ಲಿ ನೀರಹಕ್ಕಿಗಳ ಗಣತಿ ನಡೆಯುತ್ತಿದೆ. ಎಣಿಕೆ ಅಂದೂ ಇತ್ತು, ಇಂದೂ ಇದೆ. ಎಣಿಸಿದ ಮೇಲೆ ಹಕ್ಕಿ ಹಾರಿಹೋಗುತ್ತದೆಯೇ ಇಲ್ಲವೇ ಎಂಬುದರಲ್ಲಷ್ಟೇ ವ್ಯತ್ಯಾಸ. ನಮ್ಮದೇ ಉಪಖಂಡದ ಗುಲಾಬಿತಲೆಯ ಬಾತನ್ನು ಕಳೆದ ಶತಮಾನದ ಮಧ್ಯಭಾಗದಿಂದೀಚೆಗೆ ಯಾರೂ ಖಚಿತವಾಗಿ ಕಂಡಿಲ್ಲ. ಅದರ ಚಿತ್ರ ನೋಡುವಾಗ ಸಂತೋಷವಾಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಅಷ್ಟು ದೂರದಿಂದ ಬಂದು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುತ್ತವೆ. ಹೊಲ ರೈತರದು, ನಷ್ಟವೂ ಅವರದೇ. ಆದರೂ ಹಕ್ಕಿಗಳು ವರ್ಷವರ್ಷವೂ ಮರಳುತ್ತಿವೆ. 2024ರಲ್ಲಿ ಈ ಕೆರೆ ನಮ್ಮ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ರಾಮ್ಸಾರ್ ಪಟ್ಟಿ ಸೇರಿತು.

ಈಗ ಆ ತಲೆಕೆಳಗಾದ ಭಂಗಿಗೆ ಬರುತ್ತೇನೆ. ಚುಕ್ಕೆ ಕೊಕ್ಕಿನ ಬಾತು ತನ್ನ ಕುತ್ತಿಗೆ ಎಟುಕುವಷ್ಟು ಆಳದಲ್ಲಿ ಮಾತ್ರ ಮೇಯಬಲ್ಲದು. ಹೆಚ್ಚೆಂದರೆ ಒಂದು, ಒಂದೂವರೆ ಅಡಿ ನೀರು. ಕೆರೆಯ ನಡುವೆ ಎಷ್ಟೇ ನೀರು ನಿಂತರೂ ಅದರ ಅನ್ನ ಇರುವುದು ಅಂಚಿನ ಕೆಸರಿನಲ್ಲಿ, ಜೇಕು ಹುಲ್ಲಿನ ಗೆಡ್ಡೆ, ಬಸವನಹುಳು, ಕೀಟಗಳಿರುವ ಆ ಇಳಿಜಾರಿನಲ್ಲಿ. ನಮ್ಮ ತಾಲ್ಲೂಕಿನ ಕೆರೆಯೊಂದರ ‘ಅಭಿವೃದ್ಧಿ’ಯ ಅಂದಾಜುಪಟ್ಟಿ ಈಗ ಸಿದ್ಧವಾಗಿದೆ. ಹೂಳೆತ್ತುವುದು, ಸುತ್ತಲೂ ಕಲ್ಲು ಕಟ್ಟುವುದು, ದಂಡೆಯ ಮೇಲೆ ಕಾಲುದಾರಿ, ದೀಪ, ದೋಣಿವಿಹಾರ. ನಕಾಶೆಯಲ್ಲಿ ಕೆರೆ ಅಚ್ಚುಕಟ್ಟಾದ ಬೋಗುಣಿಯಂತಿದೆ. ಅಂಚಿಗೆ ಕಾಲಿಟ್ಟೊಡನೆ ಎರಡಾಳು ಆಳ. ಅದರಲ್ಲಿ ಬಾಲ ಮೇಲೆತ್ತುವ ಬಾತಿಗೆ ಒಂದು ತುತ್ತೂ ಸಿಗದು.

ಹೂಳೆತ್ತಬಾರದೆಂದು ನಾನು ಹೇಳುತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ ಬಾವಿ ಬತ್ತಿ ಅಡಿಕೆತೋಟ ಒಣಗುವುದನ್ನು ಕಂಡವರ ಮುಂದೆ ಆ ಮಾತು ಆಡಲಾಗದು. ಕೇಳುವುದಿಷ್ಟೇ: ಹಿಟಾಚಿ ಯಂತ್ರ ಏರಿ ಮತ್ತು ತೂಬಿನ ಕಡೆಗೆ ಎಷ್ಟು ಬೇಕೋ ಅಷ್ಟು ಆಳ ತೆಗೆಯಲಿ, ಹಳ್ಳ ಬಂದು ಸೇರುವ ಪಶ್ಚಿಮದ ಮಗ್ಗುಲನ್ನು ಈಗಿರುವ ಇಳಿಜಾರಿನಲ್ಲೇ, ಕೆಸರು ಜೊಂಡಿನ ಸಮೇತ ಬಿಡಲಿ. ಅಲ್ಲಿ ಕಲ್ಲು ಕಟ್ಟದಿದ್ದರೆ ಖರ್ಚೂ ಕಡಿಮೆ. ಪೊಟರೆಯಿರುವ ಮೂರು ಮತ್ತಿ ಮರಗಳು ನಿಲ್ಲಲಿ. ದೋಣಿ ಬೇಕೇಬೇಕೆಂದರೆ ನವೆಂಬರಿನಿಂದ ಮಾರ್ಚಿಯವರೆಗೆ ಅದನ್ನು ದಡಕ್ಕೆ ಕಟ್ಟಿಡಲಿ. ಫೆಬ್ರವರಿಯಲ್ಲಿ ಗ್ರಾಮಸಭೆಯ ಮುಂದೆ ಈ ವಿಷಯ ಬರಲಿದೆ. ಅಲ್ಲಿ ಎದ್ದು ಮಾತನಾಡುವವರು ಅದಕ್ಕೆ ಮುಂಚೆ ಒಮ್ಮೆಯಾದರೂ ಆ ಪಶ್ಚಿಮದ ಮಗ್ಗುಲನ್ನು ಕಣ್ಣಾರೆ ನೋಡಿರಬೇಕು. ನೋಡಿದವರ ಮಾತಿಗೂ ಕರಪತ್ರ ಓದಿದವರ ಮಾತಿಗೂ ಇರುವ ಅಂತರ ಊರವರಿಗೆ ಕೂಡಲೇ ತಿಳಿಯುತ್ತದೆ.

ಆದ್ದರಿಂದ ಜನವರಿಯ ಎರಡನೆಯ ಭಾನುವಾರ ಬೆಳಗಿನ ಆರೂವರೆಗೆ ಎಲ್ಲರೂ ಕೆರೆಯ ಪೂರ್ವದ ಏರಿಯ ಮೇಲೆ ಸೇರೋಣ. ಸೂರ್ಯ ಬೆನ್ನ ಹಿಂದಿದ್ದರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಬಿಳಿಯ ಅಂಗಿ ಬೇಡ, ಮಣ್ಣಿನ ಬಣ್ಣದ್ದು ಇರಲಿ. ಬಳಗದಲ್ಲಿರುವುದು ಎರಡೇ ದುರ್ಬೀನು, ಮಕ್ಕಳಿಗೆ ಮೊದಲ ಸರದಿ. ಎಣಿಕೆಯ ಹಾಳೆ ನನ್ನೊಬ್ಬನ ಬಳಿ ಇರುತ್ತದೆ, ಉಳಿದವರು ಪೆನ್ನು ತರುವ ಅಗತ್ಯವಿಲ್ಲ. ಎಂಟು ಗಂಟೆಯವರೆಗೂ ಮಂಜು ಕವಿದಿರುವುದರಿಂದ ಏನೂ ಕಾಣದು, ನೀರಿನ ಮೇಲಿನ ಸದ್ದಷ್ಟೇ ಕೇಳುತ್ತದೆ. ಬೇಸರಿಸಿ ಎದ್ದುಹೋಗಬೇಡಿ.